ಅಣ್ಣ-ತಮ್ಮರ ಸಿನೆಮಾ

ನಾಲ್ಕು ನಿಮಿಷ ಹತ್ತು ಸೆಕೆಂಡು. ಅಷ್ಟನ್ನು ಕತ್ತರಿಸಿ ತೆಗೆದರೆ ಒಬ್ಬರನ್ನೊಬ್ಬರು ಪ್ರೀತಿಸಿದ ಇಬ್ಬರು ಗಂಡಸರು ಅಣ್ಣ-ತಮ್ಮಂದಿರಾಗಿಬಿಡುತ್ತಾರೆ. ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ. ಬನಹಟ್ಟಿಯ ಟಾಕೀಸಿನಲ್ಲಿ ಇಪ್ಪತ್ತೊಂದು ವರ್ಷ ಪ್ರೊಜೆಕ್ಟರ್ ಓಡಿಸಿದ ನಾನು, ಸಾತಪ್ಪ, ಕಣ್ಣಾರೆ ಕಂಡ ಮಾತು. ಇವತ್ತಿಗೂ ನೆನೆದರೆ ಮೈ ಉರಿಯುತ್ತದೆ.

ಅದು ಎರಡು ಸಾವಿರದ ಮೂರನೆಯ ಇಸವಿ. ಆ ಹಿಂದಿ ಸಿನೆಮಾದ ಪ್ರಿಂಟು ನಮ್ಮ ಭಾಗಕ್ಕೆ ಬಂದದ್ದು ಒಂದೇ. ಮೊದಲ ವಾರ ಮುಧೋಳದಲ್ಲಿ ಓಡಿ ಆಮೇಲೆ ನಮ್ಮಲ್ಲಿಗೆ ಬಂತು. ರೀಲಿನ ಪೆಟ್ಟಿಗೆಗಳ ಜೊತೆ ಒಂದು ಚಿಕ್ಕ ಡಬ್ಬಿಯೂ ಬಸ್ಸಿನಿಂದ ಇಳಿಯಿತು. ಮುಧೋಳದವರು ಕತ್ತರಿಸಿ ತೆಗೆದ ತುಣುಕುಗಳು ಅದರಲ್ಲಿದ್ದವು. ಪ್ರಿಂಟು ಹುಬ್ಬಳ್ಳಿಯ ಹಂಚಿಕೆದಾರರಿಗೆ ಮರಳುವಾಗ ಅವನ್ನು ಎಲ್ಲಿಂದ ತೆಗೆದಿದ್ದರೋ ಅಲ್ಲೇ ಅಂಟಿಸಿ ಕಳಿಸಬೇಕು. ಹೀಗೆ ಕತ್ತರಿಸುವುದು ಟಾಕೀಸಿನವರಿಗೆ ಹೊಸದಲ್ಲ. ಹಾಡು ಉದ್ದವಾಯಿತೆಂದು ಕತ್ತರಿಸುತ್ತೇವೆ, ಮಗ್ಗದವರು ಪಾಳಿಗೆ ಹೋಗಬೇಕೆಂದು ಕತ್ತರಿಸುತ್ತೇವೆ. ಆದರೆ ಕತ್ತರಿಸಿದ್ದು ಏನೆಂದು ನೋಡದೆ ಬಿಡುವವನು ನಾನಲ್ಲ. ಬೆಳಗ್ಗೆ ಖಾಲಿ ಟಾಕೀಸಿನಲ್ಲಿ ಒಬ್ಬನೇ ಆ ತುಣುಕುಗಳನ್ನು ಓಡಿಸಿದೆ.

ಮೊದಲನೆಯದರಲ್ಲಿ ಬ್ಯಾಂಕಿನ ಕಾರಕೂನನೊಬ್ಬ ತಾಯಿಯ ಎದುರು ನಿಂತು, ಪಕ್ಕದ ಮೆಕ್ಯಾನಿಕ್‌ನ ಕೈ ಹಿಡಿದು, ನಾನು ಬಾಳುವುದಾದರೆ ಇವನ ಜೊತೆಯೇ, ಬೇರೆ ಯಾರನ್ನೂ ಮದುವೆಯಾಗಲಾರೆ ಅನ್ನುತ್ತಾನೆ. ಎರಡನೆಯದರಲ್ಲಿ, ಮಾಳಿಗೆಯ ಮೇಲೆ, ಮೆಕ್ಯಾನಿಕ್‌ನ ಮುಖಕ್ಕೆ ಹತ್ತಿದ ಗ್ರೀಸನ್ನು ತನ್ನ ಅಂಗಿಯ ತೋಳಿನಿಂದ ಒರೆಸಿ ಹಣೆಗೆ ಮುತ್ತಿಡುತ್ತಾನೆ. ಅಷ್ಟೇ. ಇದರಲ್ಲಿ ಹೇಸುವಂಥದ್ದು ಏನಿತ್ತು? ನಾಯಕ-ನಾಯಕಿ ಮಳೆಯಲ್ಲಿ ತೊಯ್ದು ಹೊರಳಾಡುವುದನ್ನು ಮಕ್ಕಳು ಮರಿ ಕಟ್ಟಿಕೊಂಡು ನೋಡುವ ಊರು ನಮ್ಮದು.

ಅಲ್ಲಿಯವರೆಗೆ ಅಂಥ ಗಂಡಸು ನಮ್ಮ ಪರದೆಯ ಮೇಲೆ ಬಂದದ್ದೇ ನಗೆಪಾಟಲಾಗಲು. ಸೊಂಟ ತಿರುವುತ್ತ ಬರುತ್ತಿದ್ದ, ಕರ್ಚೀಫಿನಿಂದ ಮುಖ ಒತ್ತಿಕೊಳ್ಳುತ್ತಿದ್ದ, ನಾಯಕನ ಮೈಮೇಲೆ ಬೀಳುತ್ತಿದ್ದ, ಕಪಾಳಕ್ಕೆ ತಿನ್ನುತ್ತಿದ್ದ. ಟಾಕೀಸಿನ ತುಂಬ ಸೀಟಿ. ಒಂದಲ್ಲ ಎರಡಲ್ಲ, ಕನ್ನಡ ಹಿಂದಿ ಸೇರಿ ನೂರಾರು ಸಿನೆಮಾಗಳಲ್ಲಿ ಅದೇ ಕಪಾಳ, ಅದೇ ಸೀಟಿ. ಅವೆಲ್ಲವನ್ನೂ ನಾನೇ ಓಡಿಸಿದ್ದೇನೆ. ಆ ಬೆಳಗ್ಗೆ ಮೊದಲ ಸಲ ಅಂಥವನೊಬ್ಬ ನೆಟ್ಟಗೆ ನಿಂತು ಮಾತಾಡಿದ್ದನ್ನು ಕಂಡೆ. ಅತ್ತುಬಿಟ್ಟೆ, ಸುಳ್ಳೇಕೆ ಹೇಳಲಿ.

ಅಳುವುದಕ್ಕೆ ಕಾರಣವಿತ್ತು. ರಬಕವಿಯಲ್ಲಿ ರತ್ನಾಬಾಯಿಯವರ ಮನೆಯ ಹಿಂದಿನ ಎರಡು ಖೋಲಿಗಳಲ್ಲಿ ನಾನು ಮತ್ತು ಧರ್ಮರಾಜ ಹನ್ನೊಂದು ವರ್ಷದಿಂದ ಇದ್ದೆವು. ಅವನು ತೇರದಾಳದ ಹೈಸ್ಕೂಲಿನಲ್ಲಿ ಹಿಂದಿ ಮಾಸ್ತರ. ಬಾಡಿಗೆಗೆ ಬಂದ ದಿನ ರತ್ನಾಬಾಯಿ ಕೇಳಿದಾಗ ಅವನೇ, ನಾವು ಕಾಕಾ-ದೊಡ್ಡಪ್ಪನ ಮಕ್ಕಳು ಅಂದ. ಅಲ್ಲಿಂದ ಓಣಿಗೆಲ್ಲ ಅಣ್ಣ-ತಮ್ಮರಾದೆವು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವುದು ಅವನ ಸ್ವಭಾವ. ನಮ್ಮ ನಡುವಿನದಕ್ಕೆ ಅವನು ನನ್ನೆದುರೂ ಒಂದು ಹೆಸರಿಟ್ಟವನಲ್ಲ.

ಆ ತಿಂಗಳು ಮುಧೋಳದಲ್ಲಿದ್ದ ಅವನ ಅಕ್ಕ ಅನ್ನವ್ವ ಬೀಳಗಿ ಕಡೆಯ ಒಂದು ಹೆಣ್ಣು ನೋಡಿದ್ದಳು. ಹಿನ್ನೀರಿಗೆ ಊರು ಹೋಗಿ ಪುನರ್ವಸತಿಗೆ ಬಂದ ಮನೆತನ, ಹುಡುಗಿಯ ಹೆಸರು ಮನೀಷಾ. ಧರ್ಮರಾಜ ಹೂಂ ಅಂದಿರಲಿಲ್ಲ, ಊಹೂಂ ಕೂಡ ಅಂದಿರಲಿಲ್ಲ. ಬರುವ ರವಿವಾರ ಅನ್ನವ್ವ ಜವಾಬು ಕೇಳಲು ಬರುವವಳಿದ್ದಳು. ಆ ತುಣುಕು ನೋಡಿದ ಮೇಲೆ ನನ್ನ ತಲೆಯಲ್ಲಿ ಒಂದೇ ವಿಚಾರ. ಪರದೆಯ ಮೇಲಿನವನು ತಾಯಿಗೆ ಹೇಳಿದ್ದನ್ನು ಇವನು ಒಂದು ಸಲ ನೋಡಿದರೆ ಸಾಕು, ಅಕ್ಕನಿಗೆ ಹೇಳುವ ಧೈರ್ಯ ಬಂದೀತು, ನನ್ನ ಮನೆ ಉಳಿದೀತು.

ಮಾಲೀಕ ಮಲಕಾಜಪ್ಪನವರ ಹತ್ತಿರ ಹೋದೆ.

"ಸಾಹುಕಾರ್ರ, ಈ ತುಣುಕು ಅಂಟಿಸಿ ಓಡಸ್ತೇನ್ರಿ."

"ಬ್ಯಾಡ. ಮುಧೋಳದಾಗ ಏಳೂ ದಿನ ಹೌಸ್‌ಫುಲ್ ಆಗೇತಿ. ಹ್ಯಾಂಗ ಬಂದೈತಿ ಹಂಗ ಓಡಸು."

"ಅವರಿಬ್ಬರು ಅಣ್ಣ-ತಮ್ಮ ಅಲ್ರಿ."

"ನನಗೇನ ಕಣ್ಣಿಲ್ಲೇನ? ನನಗೂ ಗೊತ್ತೈತಿ, ನಿನಗೂ ಗೊತ್ತೈತಿ. ಮಂದಿಗಿ ಗೊತ್ತಾಗೂದು ಬ್ಯಾಡ."

ಆಟೋ ಊರೂರು ತಿರುಗಿತು. ಮೈಕಿನಲ್ಲಿ ಕೂಗಿದ ಮಾತುಗಳೂ ಮುಧೋಳದಿಂದಲೇ ಬರೆದು ಬಂದಿದ್ದವು: "ಅಣ್ಣ-ತಮ್ಮರ ಅಮರ ವಾತ್ಸಲ್ಯದ ಕಥೆ. ತಾಯಂದಿರು, ಅಕ್ಕ-ತಂಗಿಯರು ಬರುವಾಗ ಕರ್ಚೀಫ್ ತರಬೇಕಾಗಿ ವಿನಂತಿ." ಹಿಂದಿ ಅರ್ಧಮರ್ಧ ತಿಳಿಯುವ ನಮ್ಮ ಮಂದಿಗೆ ಇಷ್ಟು ಹೇಳಿದರೆ ಮುಗಿಯಿತು. ಕೈ ಹಿಡಿದು ಹೇಳಿದ ಮಾತು ಇಲ್ಲದ ಮೇಲೆ ತಾಯಿ ಎದೆ ಬಡಿದುಕೊಂಡು ಅಳುವುದು ಮನೆ ಪಾಲಾಗುವ ಜಗಳದಂತೆ ಕಂಡಿತು. ಪಾಲಿನ ಜಗಳ ಯಾವ ಭಾಷೆಯಲ್ಲಿದ್ದರೂ ಬನಹಟ್ಟಿಯವರಿಗೆ ಅರ್ಥವಾಗುತ್ತದೆ.

ಹೆಂಗಸರು ಮ್ಯಾಟಿನಿಗೆ ಟ್ರ್ಯಾಕ್ಟರ್ ಮಾಡಿಕೊಂಡು ಬಂದರು. ಕೊನೆಗೆ ರೈಲ್ವೆ ಸ್ಟೇಶನ್ನಿನಲ್ಲಿ ಮೆಕ್ಯಾನಿಕ್ ಒಬ್ಬನೇ ಹೊರಟಾಗ ಟಾಕೀಸಿಗೆ ಟಾಕೀಸೇ ಬಿಕ್ಕಿತು. ಕ್ಯಾಬಿನ್ನಿನ ಕಿಂಡಿಯಿಂದ ನೋಡುತ್ತ ನಾನು ಹಲ್ಲು ಕಡಿಯುತ್ತಿದ್ದೆ. ರತ್ನಾಬಾಯಿ ಎರಡು ಸಲ ನೋಡಿದರು. ಮನೆಗೆ ಬಂದು ನನ್ನ ಕೈ ಹಿಡಿದು, "ನಿಮ್ಮಿಬ್ಬರನ್ನ ನೋಡಿದಂಗ ಆತು ನೋಡಪಾ ಸಾತಪ್ಪ. ನಿಮ್ಮನ್ನ ಆ ದೇವರು ಅಗಲಿಸೂದು ಬ್ಯಾಡ" ಅಂದರು. ಅದೇ ಇಬ್ಬರು, ಅದೇ ಅಗಲಿಕೆ. ಅಣ್ಣ-ತಮ್ಮ ಅಂದರೆ ಕಣ್ಣೀರು. ಇದ್ದದ್ದು ಇದ್ದಂತೆ ಹೇಳಿದರೆ ಅದೇ ರತ್ನಾಬಾಯಿ ನಮ್ಮ ಹಾಸಿಗೆ ಹೊರಗೆ ಒಗೆಯುತ್ತಾರೆ.

ಶನಿವಾರ ಧರ್ಮರಾಜನಿಗೆ, "ನಾಳೆ ಮ್ಯಾಟಿನಿಗಿ ಅಕ್ಕಾರನ್ನ ಕರಕೊಂಡು ಬಾ" ಅಂದೆ.

"ನೋಡಿದವರೆಲ್ಲ ಕತಿ ಹೇಳ್ಯಾರಲ್ಲ. ನಾ ಯಾಕ?"

"ನನ್ನ ಸಲುವಾಗಿ ಬಾ. ಹನ್ನೊಂದು ವರ್ಷದಾಗ ಏನರೆ ಕೇಳೇನಿ?"

ಅವನು ನನ್ನ ಮುಖ ನೋಡಿದ, ಆಗಲಿ ಅಂದ.

ರವಿವಾರ ಬೆಳಗ್ಗೆ ಎರಡೂ ತುಣುಕುಗಳನ್ನು ಅವುಗಳ ಜಾಗದಲ್ಲಿ ಅಂಟಿಸಿದೆ. ಮ್ಯಾಟಿನಿಗೆ ಕಾಲಿಡಲು ಜಾಗವಿರಲಿಲ್ಲ. ಅನ್ನವ್ವ ಹೆಂಗಸರ ಸಾಲಿನಲ್ಲಿ, ಧರ್ಮರಾಜ ಈಚೆ ಬದಿ ಗೋಡೆಯ ಪಕ್ಕ. ಇಂಟರ್‌ವಲ್ ಮುಗಿದು ಆರನೆಯ ರೀಲು ಬಂತು. ಕಾರಕೂನ ಮೆಕ್ಯಾನಿಕ್‌ನ ಕೈ ಹಿಡಿದು ತಾಯಿಗೆ ಹೇಳಬೇಕಾದ್ದನ್ನು ಹೇಳಿದ. ಟಾಕೀಸು ಸ್ತಬ್ಧವಾಯಿತು. ಕಿವಿಗೆ ಪ್ರೊಜೆಕ್ಟರಿನ ಸದ್ದೊಂದೇ ಕೇಳುತ್ತಿತ್ತು. ಗೆದ್ದೆ ಅಂದುಕೊಂಡೆ.

ಮುಂದೆ ಮಾಳಿಗೆ. ಗ್ರೀಸು ಒರೆಸಿ ಹಣೆಗೆ ಮುತ್ತಿಟ್ಟ. ಮುಂದಿನ ಬೆಂಚಿನಿಂದ ಯಾರೋ ಸೀಟಿ ಹೊಡೆದ. ಒಬ್ಬ ಸೊಂಟದ ಮೇಲೆ ಕೈಯಿಟ್ಟು ಎದ್ದು ಕುಣಿದ. ಆಮೇಲೆ ನಗು ಸುರುವಾಯಿತು. ಗಂಡಸರು ನಕ್ಕರು, ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು. ನಾಲ್ಕು ದಿನ ಇದೇ ಇಬ್ಬರಿಗಾಗಿ ಸೆರಗು ತೋಯಿಸಿಕೊಂಡ ಹೆಂಗಸರು. ಕೊನೆಗೆ ಸ್ಟೇಶನ್ನಿನಲ್ಲಿ ಮೆಕ್ಯಾನಿಕ್ ಒಬ್ಬನೇ ಗಾಡಿ ಹತ್ತಿದಾಗಲೂ ಕೇಕೆ ಹಾಕಿದರು. ಆ ನಗು ನನಗೆ ಹೊಸದಲ್ಲ. ಇಪ್ಪತ್ತೊಂದು ವರ್ಷ, ದಿನಕ್ಕೆ ನಾಲ್ಕು ಆಟದಂತೆ, ಅಂಥವನನ್ನು ಕಂಡರೆ ನಗಬೇಕೆಂದು ಇವರಿಗೆ ಕಲಿಸಿದ ಸಿನೆಮಾಗಳನ್ನು ಇದೇ ಕಿಂಡಿಯಿಂದ ನಾನೇ ಬಿಟ್ಟಿದ್ದೆ. ಮಂದಿಯ ಮೇಲೆ ಬಂದ ಸಿಟ್ಟು ಅರ್ಧ ನನ್ನ ಮೇಲೆಯೇ ತಿರುಗಿತು.

ಮಲಕಾಜಪ್ಪ ಕ್ಯಾಬಿನ್ನಿಗೆ ಏರಿ ಬಂದು, "ನಾಳೆಯಿಂದ ಬರಬ್ಯಾಡ" ಅಂದರು. ಕೀಲಿಕೈ ಮೇಜಿನ ಮೇಲಿಟ್ಟು ನಡೆದೆ.

ಮನೆಗೆ ಬಂದಾಗ ಸಂಜೆ ಆರು ಗಂಟೆ. ಅನ್ನವ್ವ ಮುಧೋಳದ ಬಸ್ಸು ಹತ್ತಿ ಹೋಗಿಯಾಗಿತ್ತು. ಧರ್ಮರಾಜ ಅಂಗಿಯನ್ನೂ ಬದಲಿಸದೆ ಹೊಸ್ತಿಲ ಮೇಲೆ ಕೂತಿದ್ದ.

"ನೋಡಿದಿ ಅಲ್ಲೇನ, ಆ ಕಾರಕೂನ ಹ್ಯಾಂಗ ಹೇಳಿದ ಅಂತ" ಅಂದೆ.

"ನಾ ಮೊದಲ ನೋಡಿದ್ದೆ" ಅಂದ.

"ಎಲ್ಲಿ?"

"ಮುಧೋಳದಾಗ. ನಮ್ಮ ಅಕ್ಕನ ಗಂಡ ಚನಮಲ್ಲಪ್ಪ ಮಾವ ಆ ಟಾಕೀಸಿನ ಮ್ಯಾನೇಜರ್ ಅಲ್ಲೇನ? ಹಿಂದಿ ನಿನಗ ಬರತೈತಿ, ಇದನ್ನ ಮಂದಿಗಿ ಹ್ಯಾಂಗ ತೋರಸೂದು ಹೇಳು ಅಂದ. ಪೂರ್ತಿ ಸಿನೆಮಾ ಒಬ್ಬನ ಕುಂತು ನೋಡಿದೆ. ಎಲ್ಲಿ ಕತ್ತರಸಬೇಕು ಅಂತ ನಾನ ಹೇಳಿದೆ. ಅಣ್ಣ-ತಮ್ಮ ಅಂತ ಬರದು ಕೊಟ್ಟಾವನೂ ನಾನ."

ಹನ್ನೊಂದು ವರ್ಷ ಇದೇ ಕೆಲಸ ಮಾಡಿದವನಿಗಿಂತ ಚೆನ್ನಾಗಿ ಎಲ್ಲಿ ಕತ್ತರಿಸಬೇಕೆಂದು ಬೇರೆ ಯಾರಿಗೆ ಗೊತ್ತಿರುತ್ತದೆ?

"ಯಾಕ ಮಾಡಿದಿ?" ಅಂದೆ.

"ಕತ್ತರಸದಿದ್ರ ನಗತಾರ ಅಂತ ನನಗ ಗೊತ್ತಿತ್ತು. ನಮ್ಮಂಥವರ ಸಲುವಾಗಿ ಇಡೀ ಊರು ಅಳೂದು ಒಮ್ಮೆ ನೋಡಬೇಕನಸ್ತು ಸಾತು. ಮುಧೋಳದಾಗ ಅತ್ತರು. ಸಾಲಿ ಬಿಟ್ಟ ಮ್ಯಾಲೆ, ನೀ ಟಾಕೀಸಿನಾಗ ಇದ್ದಾಗ, ಏಳು ದಿನಾನೂ ಹೋಗಿ ಹಿಂದ ನಿಂತು ನೋಡಿದೆ."

ಅಷ್ಟರಲ್ಲಿ ರತ್ನಾಬಾಯಿ ಅಂಗಳ ದಾಟಿದರು. ಮ್ಯಾಟಿನಿಯ ಸುದ್ದಿ ಅವರಿಗೂ ಮುಟ್ಟಿತ್ತು. ಇಬ್ಬರನ್ನೂ ಒಂದು ಗಳಿಗೆ ನಿಂತು ನೋಡಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

"ಅಕ್ಕಾರಿಗಿ ಏನ ಹೇಳಿದಿ?" ಅಂತ ಕೇಳಿದೆ.

"ಆಟ ಬಿಟ್ಟ ಕೂಡಲೇ ಗೇಟಿನಾಗ ನಿಂತು ಕೇಳಿದ್ಲು. ಸುತ್ತಲೂ ಮಂದಿ ಇನ್ನೂ ನಗಾಕತ್ತಿದ್ದರು." ಅವನು ಚಪ್ಪಲಿಯ ಕಡೆ ನೋಡುತ್ತ ಹೇಳಿದ. "ಬೀಳಗಿಯವರಿಗಿ ಹೂಂ ಅನ್ನು ಅಂತ ಹೇಳಿ ಕಳಿಸೇನಿ."