ಬಾಗಿಲ ಕುರ್ಚಿ, ಗೋಡೆ ಕುರ್ಚಿ

"ಅಣ್ಣ, ಹೊರಗೆ ಯಾರೋ ನಿನ್ನ ಕೇಳ್ತಿದ್ದಾರೆ ನೋಡು," ಅಂದ ಚಿಕ್ಕವನು.

ದೊಡ್ಡವನ ಕೈಯಲ್ಲಿ ಕ್ಷೌರದ ಕತ್ತಿ ಇತ್ತು. ಕತ್ತಿಯ ಕೆಳಗೆ ಬೇಕರಿಯವನ ಗಂಟಲು ಇತ್ತು. ಗಲ್ಲದ ಮೇಲೆ ಎರಡು ಸಲ ಕತ್ತಿ ಎಳೆದಾಗಿತ್ತು. ಮೂರನೆಯ ಸಲಕ್ಕೆ ಹೆಬ್ಬೆರಳಿನಿಂದ ಚರ್ಮ ಹಿಗ್ಗಿಸಿ ಹಿಡಿದು, ನೊರೆ ಎಲ್ಲಿ ಮುಗಿದು ಕುತ್ತಿಗೆ ಎಲ್ಲಿ ಶುರುವಾಗುತ್ತದೆ ಎಂದು ಅವನು ಬಗ್ಗಿ ಹುಡುಕುತ್ತಿದ್ದ. ಎರಡು ವರ್ಷದಿಂದ ಅವನಿಗೆ ನೊರೆ, ಬಟ್ಟೆ, ನರೆತ ಗಡ್ಡ, ಬೆಳಕು ಎಲ್ಲವೂ ಒಂದೇ ಬಿಳುಪಾಗಿ ಕಾಣುತ್ತಿದ್ದವು. ಇಷ್ಟು ದಿನ ಬೆರಳು ಕಣ್ಣಿನ ಕೆಲಸ ಮಾಡಿಕೊಟ್ಟಿತ್ತು.

"ಯಾರೋ?"

"ಗೊತ್ತಿಲ್ಲ. ನೀನೇ ಬೇಕಂತೆ."

ದೊಡ್ಡವನು ಕತ್ತಿ ಇಟ್ಟು ಹೊರಗೆ ಬಂದ. ಯಾರೂ ಇರಲಿಲ್ಲ. ಬೀದಿ ಬಾಯಿಂದ ಹಬೆ ಊದಿದ ಗಾಜಿನ ಹಾಗಿತ್ತು. ಎದುರಿನ ಔಷಧಿ ಅಂಗಡಿಯ ಬಣ್ಣ ಒಂದು ಕಲೆಯಾಗಿ ಕಂಡಿತು, ಬಸ್ಸು ಬರೀ ಸದ್ದಾಗಿ ಬಂತು. ಒಳಗೆ ತಿರುಗಿ ಬಂದಾಗ ಚಿಕ್ಕವನು ತನ್ನ ಗೋಡೆ ಕುರ್ಚಿ ಬಿಟ್ಟು ಬಾಗಿಲ ಕುರ್ಚಿಯ ಪಕ್ಕ ನಿಂತಿದ್ದ. ಬೇಕರಿಯವನ ಗಂಟಲ ಮೇಲೆ ಕತ್ತಿ ಸರಸರ ಓಡುತ್ತಿತ್ತು.

ಬೇಕರಿಯವನು ಅರ್ಧ ಕಣ್ಣು ಬಿಟ್ಟ. "ಇದೇನಪ್ಪ, ನನ್ನ ಕುತ್ತಿಗೆ ಯಾವ ಪಕ್ಷದ ಕೈಗೆ ಸಿಕ್ತು?"

"ಅಲ್ಲಾಡಬೇಡಿ. ಅಲ್ಲಾಡಿದ್ರೆ ನಿಮ್ಮೋರಿಗೆ ಒಂದು ಓಟು ಕಡಿಮೆ ಆಗುತ್ತೆ."

"ಯಾರೂ ಇಲ್ಲವಲ್ಲೋ ಹೊರಗೆ," ಅಂದ ದೊಡ್ಡವನು.

"ಹೋಗಿರ್ಬೇಕು ಬಿಡು."

ಆಮೇಲೆ ಚಿಕ್ಕವನು ಪಟಿಕದ ತುಂಡನ್ನು ಒದ್ದೆ ಮಾಡಿ ಬೇಕರಿಯವನ ಗಲ್ಲಕ್ಕೆ ಒತ್ತಿ ಹಿಡಿದದ್ದು ದೊಡ್ಡವನಿಗೆ ಮಸಕಾಗಿ ಕಂಡಿತು. ರಕ್ತ ಕಾಣಲಿಲ್ಲ. ಪಟಿಕವನ್ನು ಯಾವಾಗ ಒತ್ತುತ್ತಾರೆ ಎಂದು ನಲವತ್ತು ವರ್ಷ ಕ್ಷೌರ ಮಾಡಿದವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅಂಗಡಿ ಅಪ್ಪನ ಕಾಲದ್ದು. ಬಾಗಿಲ ಹತ್ತಿರದ ಕುರ್ಚಿ ದೊಡ್ಡವನದು, ಗೋಡೆ ಕಡೆಯದು ಚಿಕ್ಕವನದು. ದೊಡ್ಡವನು ಗಂಟೆ ಪಕ್ಷ, ಚಿಕ್ಕವನು ಕೊಡೆ ಪಕ್ಷ. ಯಾವಾಗ ಹೀಗಾಯಿತು ಎಂದು ನೆನಪಿದ್ದವರು ಕಡಿಮೆ. ಅಂಗಡಿ ಮುಂದಿನ ಚರಂಡಿಗೆ ಕಲ್ಲು ಹಾಸಿದ ವರ್ಷ ಎಂದು ಹೇಳುವವರಿದ್ದಾರೆ. ಕಲ್ಲು ಹಾಸಿಸಿದ್ದು ಗಂಟೆಯವರು ಎಂದು ದೊಡ್ಡವನು, ಮಂಜೂರು ಮಾಡಿಸಿದ್ದು ಕೊಡೆಯವರು ಎಂದು ಚಿಕ್ಕವನು. ಅಂದು ಶುರುವಾದ ಮಾತು ಇನ್ನೂ ಮುಗಿದಿರಲಿಲ್ಲ. ಗಿರಾಕಿಗಳೂ ಹಾಗೇ ಹಂಚಿಹೋದರು. ಗೋಡೆ ಕುರ್ಚಿ ಖಾಲಿ ಇದ್ದರೂ ಗಂಟೆಯವರು ಬೆಂಚಿನ ಮೇಲೆ ಪೇಪರ್ ಓದುತ್ತಾ ತಮ್ಮ ಸರದಿಗೆ ಕಾಯುತ್ತಿದ್ದರು.

ಮನೆ ಮಾತ್ರ ಒಂದೇ, ಅಡುಗೆಯೂ ಒಂದೇ. ಚಿಕ್ಕವನು ಮದುವೆಯ ಗೋಜಿಗೆ ಹೋದವನಲ್ಲ. ಅಣ್ಣ ಅತ್ತಿಗೆಯ ಜೊತೆಗೇ ಇದ್ದ. ಇನ್ನೊಂದು ಪದ್ಧತಿಯೂ ಬದಲಾಗಿರಲಿಲ್ಲ. ಚಿಕ್ಕವನ ತಲೆಗೆ ಅಪ್ಪನ ಕತ್ತರಿ ನಿಂತ ಮೇಲೆ ಅಣ್ಣನ ಕತ್ತರಿ ಬಿಟ್ಟು ಬೇರೆ ಕತ್ತರಿ ತಾಗಿರಲಿಲ್ಲ. ತಿಂಗಳಿಗೊಮ್ಮೆ ಅಂಗಡಿ ಮುಚ್ಚುವ ಹೊತ್ತಿಗೆ ಅವನು ಬಾಗಿಲ ಕುರ್ಚಿಯಲ್ಲಿ ಕೂತು ತಲೆ ಕೊಡುತ್ತಿದ್ದ. ದೊಡ್ಡವನದು ಬೋಳು ತಲೆ, ಗಡ್ಡ ತಾನೇ ಹೆರೆದುಕೊಳ್ಳುತ್ತಿದ್ದ. ಹಾಗಾಗಿ ಗೋಡೆ ಕುರ್ಚಿಯಲ್ಲಿ ಒಂದು ದಿನವೂ ಅವನು ಕೂತವನಲ್ಲ.

ಮೂರು ವರ್ಷದ ಹಿಂದೆ ಕೊಡೆಯವರ ಸರ್ಕಾರ ಆರೋಗ್ಯ ಕಾರ್ಡು ತಂದಿತು. ಹಸಿರು ಕಾರ್ಡು. ಮನೆಗೊಂದು, ಇಡೀ ಮನೆಗೆ ಆಸ್ಪತ್ರೆ ಬಿಟ್ಟಿ. ಇದು ದೊಡ್ಡ ಆಸ್ಪತ್ರೆಯವರ ಹೊಟ್ಟೆ ತುಂಬಿಸುವ ಕಾರ್ಡು, ಬಡವರ ಕಣ್ಣಿಗೆ ಮಣ್ಣು ಎಂದು ಗಂಟೆಯವರು ಬೀದಿಗಿಳಿದರು. ದೊಡ್ಡವನು ಮನೆಗೆ ಬಂದ ಅರ್ಜಿಯನ್ನು ಗಿರಾಕಿಗಳ ಎದುರೇ ಅಡ್ಡಕ್ಕೆ ಹರಿದ. ಆ ಎರಡು ತುಂಡುಗಳನ್ನು ತನ್ನ ಕನ್ನಡಿಯ ಚೌಕಟ್ಟಿಗೆ ಸಿಕ್ಕಿಸಿದ. ಅವನ ಕುರ್ಚಿಯಲ್ಲಿ ಕೂತವರೆಲ್ಲ ತಮ್ಮ ಮುಖದ ಜೊತೆ ಆ ಹರಿದ ಅರ್ಜಿಯನ್ನೂ ನೋಡಿಕೊಂಡೇ ಎದ್ದುಹೋಗುತ್ತಿದ್ದರು. ಅವನ ಮಾತು ಕೇಳಿ ಅರ್ಜಿ ಹಾಕದೆ ಉಳಿದವರು ಬೀದಿಯಲ್ಲಿ ಹನ್ನೆರಡು ಮನೆಯವರಾದರೂ ಇದ್ದರು.

ಆಮೇಲೆ ಚುನಾವಣೆ ಬಂತು, ಗಂಟೆಯವರು ಗೆದ್ದರು. ಕಾರ್ಡು ಸತ್ತುಹೋಯಿತು ಎಂದೇ ಎಲ್ಲರೂ ತಿಳಿದಿದ್ದರು. ಎಂಟು ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ, ಕಾರ್ಡು ಇರುತ್ತದೆ, ಹಳದಿ ಬಣ್ಣದ್ದಾಗುತ್ತದೆ, ಇನ್ನಷ್ಟು ಕಾಯಿಲೆಗಳು ಸೇರುತ್ತವೆ ಎಂದು ರೇಡಿಯೊ ಹೇಳಿತು. ಗೋಡೆ ಕುರ್ಚಿಯಲ್ಲಿ ಆಗ ನಿವೃತ್ತ ಮೇಷ್ಟ್ರು ಕೂತಿದ್ದರು, ಕೊಡೆ ಪಕ್ಷದ ಹಳೆಯ ಹುಲಿ.

"ಕೇಳಿಸ್ಕೊಂಡ್ಯಾ ಅಣ್ಣ? ಕೊನೆಗೂ ನಮ್ಮ ದಾರಿಗೇ ಬಂದ್ರು. ಇಂಥ ಕಾರ್ಡು ಹಿಂದೆ ಯಾರಾದ್ರೂ…"

"ತಡಿಯಪ್ಪ," ಅಂದರು ಮೇಷ್ಟ್ರು ಕನ್ನಡಿಯೊಳಗಿಂದ. "ನಮ್ಮೋರು ಅದನ್ನ ವಿರೋಧಿಸ್ತಿದ್ದಾರೆ."

ಚಿಕ್ಕವನ ಕತ್ತರಿ ನಿಂತಿತು. "ಯಾವಾಗಿಂದ?"

"ನಿನ್ನೆ ಸಂಜೆಯಿಂದ."

ದೊಡ್ಡವನು ನಗು ತಡೆಯಲಾರದೆ ಗಿರಾಕಿಯ ತಲೆಯಿಂದ ಕೈ ತೆಗೆದ. ಅವನ ನಗು ಮುಗಿಯುವವರೆಗೆ ಚಿಕ್ಕವನು ಕಾದ. "ನಕ್ಕೋ. ನಿನ್ನ ಕನ್ನಡೀಲಿ ಆ ಅರ್ಜಿ ಇನ್ನೂ ನೇತಾಡ್ತಿದೆ."

ಹೀಗೆ ಇಬ್ಬರೂ ಒಂದೇ ವಾರದಲ್ಲಿ ಬಾಚಣಿಗೆ ಬದಲಾಯಿಸಿಕೊಂಡಷ್ಟು ಸುಲಭವಾಗಿ ಮಾತು ಬದಲಾಯಿಸಿಕೊಂಡರು. ದೊಡ್ಡ ಆಸ್ಪತ್ರೆಯವರ ಹೊಟ್ಟೆ ತುಂಬಿಸುವ ಕಾರ್ಡು ಎಂದು ಈಗ ಚಿಕ್ಕವನು ಹೇಳಿದ. ಮಧ್ಯದಲ್ಲಿ ಮರೆತು ನಿಂತರೆ ಬಾಗಿಲ ಕಡೆಯಿಂದ ದೊಡ್ಡವನೇ ಎತ್ತಿಕೊಟ್ಟ. "ಔಷಧಿ ಹೊರಗಡೆಯಿಂದಾನೇ ತರಬೇಕು ಅನ್ನೋದನ್ನ ಬಿಟ್ಟೆ ನೋಡು. ಅದು ಜನಕ್ಕೆ ನಾಟುತ್ತೆ."

ಬೇಕರಿಯವನ ಗಲ್ಲ ಕೊಯ್ದ ಆ ಸಂಜೆ ಬೀಗ ಹಾಕುವಾಗ ಚಿಕ್ಕವನು ಬೀಗದ ಕಡೆಗೇ ನೋಡಿಕೊಂಡು ಹೇಳಿದ. "ನಾಳೆ ನಾನು ಎರಡೂ ಕುರ್ಚಿ ನೋಡ್ಕೋತೀನಿ. ನೀನು ಅತ್ತಿಗೆ ಜೊತೆ ಹೋಗಿ ಕಣ್ಣು ತೋರಿಸ್ಕೊಂಡು ಬಾ."

ಮನೆಗೆ ನಡೆಯುವಾಗ ತಮ್ಮ ಒಂದು ಹೆಜ್ಜೆ ಮುಂದೆ ನಡೆದ. ದಾರಿಯಲ್ಲಿ ಗುಂಡಿ ಇದ್ದ ಕಡೆ ಸುಮ್ಮನೆ ಕೆಮ್ಮಿದ.

ಕಣ್ಣಿನ ಡಾಕ್ಟರಮ್ಮ ದೀಪ ಬಿಟ್ಟು ನೋಡಿದರು. "ಎರಡಕ್ಕೂ ಪೊರೆ ಬಂದಿದೆ. ಬಲಗಣ್ಣಂತೂ ಪೂರ್ತಿ ಮುಚ್ಚಿದೆ, ಇನ್ನು ಕಾಯೋ ಹಾಗಿಲ್ಲ. ಏನು ಕೆಲಸ ಮಾಡ್ತೀರಿ?"

"ಕ್ಷೌರ."

ಡಾಕ್ಟರಮ್ಮ ದೀಪ ಆರಿಸಿದರು. "ನಿಮ್ಮ ಗಿರಾಕಿಗಳು ಧೈರ್ಯವಂತರು ಬಿಡಿ."

ಕಾರ್ಡಿದ್ದರೆ ಮುಂದಿನ ವಾರವೇ ಆಪರೇಷನ್ ಆಗುತ್ತದೆ, ಕಾರ್ಡಿಲ್ಲದೆ ಮಾಡಿಸುವಷ್ಟು ದುಡ್ಡು ಆ ಮನೆ ಕಂಡದ್ದೇ ಇಲ್ಲ. ಕೌಂಟರಿನ ಹೆಣ್ಣುಮಗಳು ನಿಧಾನವಾಗಿ ಬಿಡಿಸಿ ಹೇಳಿದಳು. ಹಸಿರು ಕಾರ್ಡಿದ್ದವರಿಗೆ ಒಂದೇ ದಿನದಲ್ಲಿ ಹಳದಿ ಬದಲಾಯಿಸಿ ಕೊಡುತ್ತಾರೆ. ಹಸಿರೇ ಇಲ್ಲದವರು ಹೊಸದಾಗಿ ಅರ್ಜಿ ಹಾಕಬೇಕು, ಅದರ ಸರದಿ ಮುಂದಿನ ವರ್ಷ.

"ಇದು ನಮ್ಮ ಪಕ್ಷದ ಕಾರ್ಡು ಕಣಮ್ಮ," ಅಂದ ದೊಡ್ಡವನು.

"ಇರಬಹುದು ಯಜಮಾನ್ರೇ. ಹಳೇದು ತಗೊಂಡು ಬನ್ನಿ."

ತನ್ನ ಪಕ್ಷ ಕೊಡುವ ಕಾರ್ಡು ತನ್ನ ಪಕ್ಷದ ಮಾತು ಕೇಳದವರಿಗೆ ಮಾತ್ರ ಸಿಗುತ್ತದೆ. ದೊಡ್ಡವನು ಅದನ್ನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಎರಡು ಸಲ ಯೋಚಿಸಿದ. ಅವನಿಗೆ ಬೇರೆ ಕೆಲಸ ಗೊತ್ತಿರಲಿಲ್ಲ. ಒಂದು ವರ್ಷ ಕತ್ತಿ ಕೆಳಗಿಟ್ಟರೆ ಕುರ್ಚಿ ಕೈಬಿಟ್ಟಂತೆಯೇ. ಪಕ್ಕದಲ್ಲಿ ಹೆಂಡತಿ ಸೆರಗಿನ ತುದಿಯನ್ನು ಸುತ್ತುತ್ತಾ ಬಿಚ್ಚುತ್ತಾ ಕೂತಿದ್ದಳು.

ಅಂದು ಸಂಜೆ ಊಟಕ್ಕೆ ಕೂತಾಗ ಚಿಕ್ಕವನು ಏನಾಯಿತು ಎಂದು ಕೇಳಿದ. ದೊಡ್ಡವನು ತಟ್ಟೆ ನೋಡುತ್ತಾ, "ಏನಿಲ್ಲ. ಮುಂದಿನ ವರ್ಷ ನೋಡೋಣ ಅಂದ್ರು," ಅಂದ.

"ನಿಮಗೆ ಸುಳ್ಳು ಹೇಳೋಕೂ ಬರಲ್ಲ," ಅಂದಳು ಹೆಂಡತಿ. ಮೈದುನನ ಕಡೆ ತಿರುಗಿ, "ಏಳಪ್ಪ. ತಂದುಬಿಡು," ಅಂದಳು.

ಚಿಕ್ಕವನು ಕೈ ತೊಳೆದು ಒಳಗೆ ಹೋದ. ಅವನ ಪೆಟ್ಟಿಗೆಯ ಕೊಂಡಿ ತೆಗೆದ ಸದ್ದಾಯಿತು. ತಂದು ಅಣ್ಣನ ಮುಂದಿಟ್ಟದ್ದು ಒಂದು ಕಾರ್ಡು. ದೊಡ್ಡವನು ಅದನ್ನು ಕಣ್ಣಿಗೆ ಅಂಟುವಷ್ಟು ಹತ್ತಿರ ಹಿಡಿದ. ಹಸಿರು. ಮೂಲೆಯಲ್ಲಿ ಕೊಡೆ.

"ಇದು ಯಾರದು?"

"ಮನೇದು."

"ನಾನು ಅರ್ಜಿ ಹರಿದಿದ್ದೆನಲ್ಲೋ."

"ಮನೆಗೆ ಎರಡು ಅರ್ಜಿ ಕೊಟ್ಟಿದ್ರು. ನೀನು ಹರಿದಿದ್ದು ಒಂದು. ಇನ್ನೊಂದಕ್ಕೆ ಅತ್ತಿಗೆ ಸಹಿ ಹಾಕಿದ್ರು."

ಹೆಂಡತಿ ಸಾರಿನ ಪಾತ್ರೆಗೆ ಮುಚ್ಚಳ ಹಾಕುವುದರಲ್ಲಿ ಮುಳುಗಿಹೋಗಿದ್ದಳು. "ಏನು ಬರೆದಿದೆ ಓದು," ಅಂದ ದೊಡ್ಡವನು. ಅವಳು ಕಾರ್ಡು ತೆಗೆದುಕೊಂಡು ಓದಿದಳು. ಕುಟುಂಬದ ಯಜಮಾನ ಎಂದಿದ್ದ ಕಡೆ ದೊಡ್ಡವನ ಹೆಸರಿತ್ತು. ಆಮೇಲೆ ಅವಳದು. ಎಲ್ಲಕ್ಕಿಂತ ಕೆಳಗೆ ಚಿಕ್ಕವನದು.

"ಯಜಮಾನ ಅಂತ ನನ್ನ ಹೆಸರು ಯಾಕೆ ಹಾಕಿದೆ? ನಿನ್ನ ಪಕ್ಷದ ಕಾರ್ಡು, ನಿನ್ನ ಹೆಸರೇ ಹಾಕ್ಕೋಬಹುದಿತ್ತು."

"ಮನೆಗೆ ಯಜಮಾನ ಯಾರೋ ಅವರ ಹೆಸರು ಕೇಳ್ತಾರಣ್ಣ. ನಾನು ಬೇರೆ ಯಾರದು ಹಾಕ್ಲಿ?"

ದೊಡ್ಡವನಿಗೆ ಅನ್ನ ಸೇರಲಿಲ್ಲ. ಅವನು ಕಾರ್ಡಿನ ಬಗ್ಗೆ ಯೋಚಿಸುತ್ತಿರಲಿಲ್ಲ, ಆ ಮೂರು ವರ್ಷದ ಬಗ್ಗೆ ಯೋಚಿಸುತ್ತಿದ್ದ. ಅಂಗಡಿ ತುಂಬ ಜನ ಕೂತಿರುವಾಗ ತಮ್ಮನಿಗೆ ಅವನು ಏನೆಲ್ಲ ಅಂದಿದ್ದ. ದಲ್ಲಾಳಿ ಅಂದಿದ್ದ, ಮಾರಿಕೊಂಡವನು ಅಂದಿದ್ದ. ಒಂದು ಸಲ ಮೇಷ್ಟ್ರ ಎದುರೇ ಮಾತಿನಲ್ಲಿ ಅವನ ಬಾಯಿ ಮುಚ್ಚಿಸಿದ್ದ. ಆ ದಿನ ಈ ಕಾರ್ಡು ಹೊರಗೆ ತೆಗೆದಿದ್ದರೆ, ಅದರ ಮೇಲಿನ ಹೆಸರನ್ನು ಗಟ್ಟಿಯಾಗಿ ಓದಿದ್ದರೆ, ದೊಡ್ಡವನು ಆ ಬೀದಿಯಲ್ಲಿ ತಲೆ ಎತ್ತುವಂತಿರಲಿಲ್ಲ. ಚಿಕ್ಕವನು ಅಂದು ಸುಮ್ಮನೆ ನೆಲದ ಮೇಲಿನ ಕೂದಲು ಗುಡಿಸಿದ್ದ.

"ಬದಲಾಯಿಸೋಕೆ ಯಜಮಾನನ ಬೆರಳಚ್ಚು ಬೇಕಂತೆ," ಅಂದ ಚಿಕ್ಕವನು. "ನಾಳೆ ಹೋಗೋಣ. ನಾನೂ ಬರ್ತೀನಿ."

"ನೀನು ಬರಬೇಡ. ನಿಮ್ಮೋರು ಅಲ್ಲೇ ಧರಣಿ ಕೂತಿದ್ದಾರೆ."

"ಗೊತ್ತು. ಬಾವುಟ ಕಟ್ಟಿದ್ದು ನಾನೇ."

ಮರುದಿನ ಕಾರ್ಡು ಬದಲಾಯಿಸಿ ಕೊಡುವ ಕಚೇರಿಯ ಮುಂದೆ ಉದ್ದ ಸಾಲು. ಸಾಲಿನ ಪಕ್ಕದಲ್ಲೇ ನೆರಳಿಗೆ ಬಟ್ಟೆ ಕಟ್ಟಿಕೊಂಡು ಕೊಡೆಯವರು ಕೂಗುತ್ತಿದ್ದರು: ಕಾರ್ಡು ಬೇಡ, ಆಸ್ಪತ್ರೆ ಬೇಕು. ದೊಡ್ಡವನಿಗೆ ಮುಖಗಳು ಕಾಣಲಿಲ್ಲ, ಆದರೆ ಕೂಗು ಗುರುತು ಹತ್ತಿತು. ಮೂರು ವರ್ಷದ ಹಿಂದೆ ಅದನ್ನು ಕಟ್ಟಿದ್ದು ಅವನೇ, ಒಂದು ಮಧ್ಯಾಹ್ನ, ಬೇಕರಿಯವನ ತಲೆಗೂದಲು ಕತ್ತರಿಸುತ್ತಾ. ತಮ್ಮ ಅವನ ಮೊಣಕೈ ಹಿಡಿದುಕೊಂಡಿದ್ದ. ಕೂಗು ಇದ್ದಕ್ಕಿದ್ದಂತೆ ತೆಳ್ಳಗಾಯಿತು.

"ಏನಪ್ಪಾ," ಅಂತು ಮೇಷ್ಟ್ರ ದನಿ. "ನೀನೂ ಸಾಲಿಗೆ ಬಂದ್ಯಾ?"

"ನಾನೆಲ್ಲಿ ಬಂದೆ ಮೇಷ್ಟ್ರೇ. ನಮ್ಮನೆ ಯಜಮಾನ್ರನ್ನ ಕರ್ಕೊಂಡು ಬಂದೆ."

ದೊಡ್ಡವನು ಮೊಣಕೈ ಬಿಡಿಸಿಕೊಳ್ಳಲು ನೋಡಿದ. ಹಿಡಿತ ಬಿಗಿಯಾಯಿತು. ಆಮೇಲೆ ಮೇಷ್ಟ್ರು ಎದ್ದು ಬಂದ ಹಾಗಾಯಿತು, ಅವರ ಚಪ್ಪಲಿಯ ಸದ್ದು ಸಾಲಿನ ಮುಂದಕ್ಕೆ ಹೋಯಿತು. "ಇವರಿಗೆ ಕಣ್ಣು ಕಾಣಲ್ಲ ಕಣ್ರಯ್ಯ. ದಾರಿ ಬಿಡಿ, ಮುಂದೆ ಕಳಿಸಿ." ಅವರಿಬ್ಬರೂ ದಾಟಿಹೋಗುವವರೆಗೆ ಕೂಗು ನಿಂತಿತ್ತು. ಬೆರಳಚ್ಚು ಒತ್ತುವಾಗ ಮತ್ತೆ ಶುರುವಾಯಿತು, ಮೇಷ್ಟ್ರ ದನಿ ಎಲ್ಲರಿಗಿಂತ ಗಟ್ಟಿಯಾಗಿತ್ತು.

ಆಪರೇಷನ್ನಿನ ಹಿಂದಿನ ದಿನವೇ ಗಡ್ಡ ತೆಗೆದುಕೊಂಡು ಬನ್ನಿ, ಆಮೇಲೆ ಎಷ್ಟೋ ದಿನ ಮುಖಕ್ಕೆ ನೀರು ತಾಗಿಸುವಂತಿಲ್ಲ ಎಂದು ಆಸ್ಪತ್ರೆಯವರು ಹೇಳಿದ್ದರು. ದೊಡ್ಡವನು ಕನ್ನಡಿಯ ಮುಂದೆ ನಿಂತು ಕತ್ತಿ ಹಿಡಿದ. ಕನ್ನಡಿಯಲ್ಲಿ ಯಾರೂ ಇರಲಿಲ್ಲ.

"ಇಲ್ಲಿ ಬಾ," ಅಂದ ಚಿಕ್ಕವನು ಗೋಡೆ ಕುರ್ಚಿಯ ಬೆನ್ನು ತಟ್ಟಿ.

ಬೆಂಚಿನ ಮೇಲೆ ಕೂತಿದ್ದ ಬೇಕರಿಯವನು ಪೇಪರ್ ಕೆಳಗಿಳಿಸಿದ. ದೊಡ್ಡವನು ತಡವುತ್ತಾ ಹೋಗಿ ಕೂತ. ಕುರ್ಚಿ ಅವನು ಅಂದುಕೊಂಡದ್ದಕ್ಕಿಂತ ಮೆತ್ತಗಿತ್ತು. "ಇಷ್ಟು ವರ್ಷ ಹೇಳಲೇ ಇಲ್ವಲ್ಲೋ, ಇದಕ್ಕೆ ಹೊಸ ಸ್ಪಂಜು ಹಾಕಿಸಿದ್ದೀಯ ಅಂತ," ಅಂದ. "ಕೇಳಿದ್ರೆ ತಾನೆ," ಅಂದ ಚಿಕ್ಕವನು, ಬ್ರಷ್ಷನ್ನು ಬಿಸಿನೀರಿಗೆ ಅದ್ದುತ್ತಾ. ಬೇಕರಿಯವನು ಮತ್ತೆ ಪೇಪರ್ ಎತ್ತಿಕೊಂಡ.

ಒಂದೂವರೆ ತಿಂಗಳು ಕಳೆದ ಮೇಲೆ ದೊಡ್ಡವನು ಅಂಗಡಿಗೆ ಬಂದ. ಬಿಳಿಯಲ್ಲಿ ಎಷ್ಟು ಬಗೆ ಇವೆ ಎಂದು ಅವನು ಮರೆತೇಹೋಗಿದ್ದ. ನೊರೆಯದು ಒಂದು, ಬಟ್ಟೆಯದು ಇನ್ನೊಂದು, ಗೋಡೆಯ ಸುಣ್ಣದ್ದು ಮತ್ತೊಂದು. ಕನ್ನಡಿಯಲ್ಲಿ ಹರಿದ ಅರ್ಜಿ ಅರಿಶಿನ ಬಣ್ಣಕ್ಕೆ ತಿರುಗಿತ್ತು. ಕೀಳಲು ಕೈ ಹಾಕಿದ.

"ಇರಲಿ ಬಿಡಣ್ಣ," ಅಂದ ಚಿಕ್ಕವನು ಬೆನ್ನು ಹಾಕಿ ಗುಡಿಸುತ್ತಾ. "ನಿಮ್ಮೋರು ಮತ್ತೆ ಬೇಡ ಅಂದ್ರೆ ಬೇಕಾಗುತ್ತೆ."

ಚಿಕ್ಕವನು ವರ್ಷದಿಂದ ಕುತ್ತಿಗೆಗೆ ಟವೆಲ್ ಸುತ್ತಿಕೊಂಡೇ ಇರುತ್ತಿದ್ದ. ಬೆವರು ಜಾಸ್ತಿ ಎನ್ನುತ್ತಿದ್ದ. ಬಗ್ಗಿ ಗುಡಿಸುವಾಗ ಅದು ಜಾರಿತು. ದೊಡ್ಡವನು ನೋಡಿದ. ಹಿಂಗತ್ತಿನ ಕೂದಲು ಮೆಟ್ಟಿಲು ಮೆಟ್ಟಿಲಾಗಿತ್ತು. ಎಡಕಿವಿಯ ಮೇಲೆ ಇನ್ನೂ ತುಂಬದ ಒಂದು ಬೆರಳಗಲ ತಗ್ಗು, ಬಲಕಿವಿಯ ಮೇಲೆ ಪೊದೆ. ಕಸುಬು ಕಲಿಯುವ ಮೊದಲ ವಾರದಲ್ಲೂ ಯಾರೂ ಅಂಥ ಕೆಲಸ ಮಾಡಿರಲಾರರು.

"ಯಾರೋ ನಿನ್ನ ತಲೆಗೆ ಹೀಗೆ ಮಾಡಿದ್ದು?" ಅಂದ. ಅಂದ ಮೇಲೆ ತನ್ನದೇ ಕತ್ತರಿಯ ಕಡೆ ನೋಡಿದ.

ಚಿಕ್ಕವನು ಟವೆಲನ್ನು ಮೇಲಕ್ಕೆ ಎಳೆದುಕೊಂಡ. "ಚೆನ್ನಾಗೇ ಇದೆ ಬಿಡು. ಬೀದೀಲಿ ಕೆಲವರು ಹೊಸ ಫ್ಯಾಷನ್ ಅಂತ ಕೇಳಿದ್ರು."

ದೊಡ್ಡವನು ಕತ್ತರಿಯನ್ನು ಬೆಳಕಿಗೆ ಹಿಡಿದು ಎರಡು ಸಲ ಗಾಳಿಯಲ್ಲಿ ಆಡಿಸಿ ನೋಡಿದ. ಬಿಳಿ ಬಟ್ಟೆಯನ್ನು ಬಾಗಿಲಿನ ಆಚೆ ಜೋರಾಗಿ ಕೊಡವಿದ. ಬೆಂಚಿನ ಮೇಲೆ ಇಬ್ಬರು ಕಾಯುತ್ತಿದ್ದರು, ಆ ಕಡೆಯವನೊಬ್ಬ, ಈ ಕಡೆಯವನೊಬ್ಬ. ಅವರತ್ತ ನೋಡದೆ ಅವನು ಬಾಗಿಲ ಕುರ್ಚಿಯನ್ನು ತಮ್ಮನ ಕಡೆಗೆ ತಿರುಗಿಸಿ ಹಿಡಿದುಕೊಂಡು ನಿಂತ.