ಚಿತ್ರದಲ್ಲಿಲ್ಲದ ಮೀನು

ಎಡಗಡೆಯ ಜಡೆ ಮುಗಿದಿದೆ, ಬಲಗಡೆಯದು ಅರ್ಧಕ್ಕೆ ಬಂದಿದೆ, ಮೂರು ಎಳೆ ಬೆರಳ ಸಂದಿಯಲ್ಲಿ, ಬಾಚಣಿಗೆ ಬಾಯಲ್ಲಿ, ಅಷ್ಟರಲ್ಲೇ ಕಿಟಕಿಯ ಕಟ್ಟೆ ಮೇಲಿದ್ದ ಫೋನು ಗುರ್ರ್ ಎಂದು ನಡುಗಿ ಸೋಪಿನ ಡಬ್ಬಿಗೆ ತಾಗಿತು — ಇಷ್ಟು ಬೆಳಿಗ್ಗೆ ಯಾರು, ವಾರ್ಡಿನವರೇ ಇರಬೇಕು, ಯಾರೋ ರಜೆ ಹಾಕಿರುತ್ತಾರೆ, ಸಿಸ್ಟರ್ ಸ್ವಲ್ಪ ಬೇಗ ಬರ್ತೀರಾ ಅಂತ, ಬರೋದಿಲ್ಲ, ಜಡೆ ಮುಗಿಯದೆ ಎಲ್ಲಿಗೂ ಬರೋದಿಲ್ಲ — ಎಳೆಗಳನ್ನು ಬಿಡದೆ ಇನ್ನೊಂದು ಕೈ ಚಾಚಿದಳು, ಅಮ್ಮಾ ಎಳೀತಿದೆ, ಇರು ಪುಟ್ಟಿ ಒಂದ್ನಿಮಿಷ, ಬಾಚಣಿಗೆ ಕಚ್ಚಿಕೊಂಡು ಹೇಳಿದ್ದರಿಂದ ಅದು ಇಉ ಉಟ್ಟಿ ಎಂದು ಕೇಳಿಸಿ ಮಗಳು ಕಿಸಕ್ಕನೆ ನಕ್ಕಳು. ವಾರ್ಡಲ್ಲ. ಪರೀಕ್ಷೆಯವರು. ಇಂಗ್ಲಿಷ್ ಪರೀಕ್ಷೆಯ ಫಲಿತಾಂಶ. ಕೇಳೋದು, ಮಾತಾಡೋದು, ಓದೋದು, ಅವೆಲ್ಲ ಇರಲಿ, ಅವು ಯಾವತ್ತೂ ಕಾಡಿದವಲ್ಲ, ಬರೆಯೋದು ಎಲ್ಲಿದೆ, ಬೆರಳಿಗೆಲ್ಲ ಎಣ್ಣೆ, ಪರದೆ ಸರ್ರನೆ ಜಾರಿ ಮೇಲಕ್ಕೆ ಹೋಯಿತು, ಕೆಳಗೆ ಬಾರೋ ಮಹರಾಯ, ಹಾಂ — ಏಳು. ಆರೂವರೆ ಅಲ್ಲ, ಏಳು.

ಏಳು ಅಂದರೆ ಮೂವರೂ. ದೂರದ ದೇಶದ ಆ ಆಸ್ಪತ್ರೆಯವರು ಬಿಡಿಸಿ ಹೇಳಿದ್ದರು, ಏಳು ಬಂದರೆ ನರ್ಸ್ ಕೆಲಸ, ಮನೆಮಂದಿಯೆಲ್ಲ ಬರಬಹುದು, ಆರೂವರೆ ಬಂದರೆ ಸಹಾಯಕಿ ಕೆಲಸ, ಎರಡು ವರ್ಷ ನೀವೊಬ್ಬರೇ. ಹೋದ ಸಲ ಆರೂವರೆ. ಆ ಅರ್ಧ ಅಂಕವನ್ನು ಯಾರಿಗೆ ಕೊಟ್ಟರು, ಅವರಿಗೆ ಅದರಿಂದ ಏನು ಸಿಕ್ಕಿತು ಎಂದು ಪಾತ್ರೆ ತಿಕ್ಕುವಾಗಲೆಲ್ಲ ಶಪಿಸಿದ್ದಾಳೆ. ಒಳಕೋಣೆಯಲ್ಲಿ ಗಂಡ ಗೊರಕೆ ಹೊಡೆಯುತ್ತಿದ್ದಾರೆ, ರಾತ್ರಿಯ ಕೊನೆ ಬಸ್ಸು ಓಡಿಸಿ ಬಂದವರು, ಎಬ್ಬಿಸಲೇ, ಬೇಡ, ಏಳಲಿ, ಎದ್ದಾಗ ಹೇಳಿದರೆ ಆಯಿತು — ಏಳಲಿ ಎನ್ನುವಾಗಲೂ ಏಳು ಇದೆಯಲ್ಲ, ನಗು ಬಂತು, ಬಾಚಣಿಗೆ ಬಿತ್ತು, ಮಂಡಿಗಳ ನಡುವೆ ಬೆನ್ನು ಹಾಕಿ ಕುಳಿತ ಮಗಳಿಗೆ ಮುಖ ಕಾಣುವುದಿಲ್ಲ, ಸದ್ಯ, ಕಣ್ಣು ಎರಡೂ ತುಂಬಿಕೊಂಡಿವೆ. ಗಟ್ಟಿಯಾಗೋವರೆಗೂ ಮಗೂಗೆ ಹೇಳ್ಬೇಡ, ಸುಮ್ಮನೆ ತಲೇಲಿ ಹುಳ ಬಿಟ್ಟ ಹಾಗಾಗುತ್ತೆ ಎಂದವರು ಅವರೇ. ಹೇಳಿಲ್ಲ. ಆದರೆ ಈ ಮನೆಯ ಗೋಡೆಗಳೋ, ಒಂದು ಕೋಣೆಯಲ್ಲಿ ಆಕಳಿಸಿದರೆ ಇನ್ನೊಂದು ಕೋಣೆಯಲ್ಲಿ ನಿದ್ದೆ ಬರಬೇಕು, ಅಷ್ಟು ತೆಳು.

ಎಳೆಗಳು ಮತ್ತೆ ಕೈಗೆ ಬಂದವು, ನಡುವಿನದರ ಮೇಲೆ ಬಲದ್ದು, ಅದರ ಮೇಲೆ ಎಡದ್ದು. ಎದುರಿಗೆ ಫ್ರಿಜ್ಜಿನ ಬಾಗಿಲು, ಅದರ ಮೇಲೆ ಇನ್ನೂ ಅಂಟಿಕೊಂಡಿರುವ, ಚಿತ್ರ ನೋಡಿ ಇಂಗ್ಲಿಷಿನಲ್ಲಿ ವಿವರಿಸುವ ಅಭ್ಯಾಸದ ಹಾಳೆ, ಮೀನಿನ ಬದುಕಿನ ಚಿತ್ರ, ನದಿ, ಮರಿಗಳು, ಸಮುದ್ರ, ಬಾಣದ ಗುರುತುಗಳು, ಕೆಳಗೆ ಎಡಮೂಲೆಯಲ್ಲಿ ಬೆಣಚುಕಲ್ಲುಗಳ ನಡುವೆ ಗುಂಡಗೆ ಮೊಟ್ಟೆಗಳು, ಸುತ್ತ ಯಾರೂ ಇಲ್ಲ. ಕೋಚಿಂಗಿನ ಮೇಷ್ಟ್ರು ಇದರ ಮೇಲೇ ಅಲ್ಲವೇ ಕೆಂಪು ಗೀಟು ಎಳೆದದ್ದು. ತಾಯಿ ಮೀನು ಜಾಗ ಹುಡುಕಿ, ಕಲ್ಲು ಸರಿಸಿ, ಜೋಪಾನವಾಗಿ ಮೊಟ್ಟೆ ಇಡುತ್ತದೆ ಎಂದು ಇವಳು ಬರೆದುಬಿಟ್ಟಿದ್ದಳು. ಸಿಸ್ಟರ್, ಈ ತಾಯೀನ ಎಲ್ಲಿಂದ ಹಿಡ್ಕೊಂಡು ಬಂದ್ರಿ, ಚಿತ್ರದಲ್ಲಿ ಇದ್ದಾಳಾ. ಇಲ್ಲ ಸಾರ್, ಆದ್ರೆ ಮೊಟ್ಟೆ ಇದೆ ಅಂದ್ಮೇಲೆ. ಅಂದ್ಮೇಲೆ ಗಿಂದ್ಮೇಲೆ ಎಲ್ಲಾ ಮನೇಲಿ, ಇಲ್ಲಿ ಕಂಡಿದ್ದಷ್ಟೇ ಬರೀಬೇಕು, ಕರ್ಮಣಿ ಪ್ರಯೋಗ ಹಾಕಿ, ಮೊಟ್ಟೆಗಳು ಇಡಲ್ಪಡುತ್ತವೆ, ಮುಗೀತು, ಯಾರು ಇಟ್ಟರು ಅನ್ನೋದು ಅವರಿಗೆ ಬೇಕಾಗಿಲ್ಲ. ಅದನ್ನು ಗಂಡನಿಗೆ ಹೇಳಿದರೆ ಅವರು ತಟ್ಟೆ ಮುಂದೆ ಕೂತು, ಅನ್ನ ಬಡಿಸಲ್ಪಟ್ಟಿದೆಯಾ, ಸಾರು ಬಿಸಿ ಮಾಡಲ್ಪಟ್ಟಿದೆಯಾ, ಮಾಡಿದವಳು ನನಗೆ ಬೇಕಾಗಿಲ್ಲ ಎಂದು ರೇಗಿಸಿದರು, ಅವರ ಬೆನ್ನಿಗೊಂದು ಗುದ್ದು ಕೊಡಲ್ಪಟ್ಟಿತು. ಮಗಳೂ ನಕ್ಕಳು ಅವತ್ತು, ನಕ್ಕವಳು ಹಾಳೆಯ ಕಡೆಗೆ ತಿರುಗಿದಳು. ಅಮ್ಮಾ ಎಂದಳು. ಏನು ಪುಟ್ಟಿ. ಏನಿಲ್ಲ. ಅಲ್ಲಿಂದೀಚೆಗೆ ಹೀಗೇ, ಹಾಲಿನ ಲೋಟ ಹಿಡಿದು ಅಮ್ಮಾ ಅನ್ನುತ್ತಾಳೆ, ಶೂ ಹಾಕಿಕೊಳ್ಳುತ್ತಾ ಅಮ್ಮಾ ಅನ್ನುತ್ತಾಳೆ, ಏನೆಂದರೆ ಏನಿಲ್ಲ, ಹಾಳೆಯ ಎಡಮೂಲೆಯಲ್ಲಿ ಮಾತ್ರ ಜ್ಯಾಮಿನ ಬೆರಳ ಗುರುತು, ಮೊಟ್ಟೆಗಳ ಮೇಲೆ.

ಪರೀಕ್ಷೆಯ ದಿನ ಕಾಗದ ತಿರುಗಿಸಿದರೆ, ಅಯ್ಯೋ ದೇವರೇ, ಮತ್ತೆ ಮೀನೇ. ಬೇರೆ ಜಾತಿಯದು, ಬೇರೆ ನದಿ, ಆದರೆ ಕೆಳಗೆ ಅದೇ ಕಲ್ಲುಗಳು, ಅದೇ ಮೊಟ್ಟೆಗಳು, ಸುತ್ತ ಯಾರೂ ಇಲ್ಲ. ಪಕ್ಕದ ಕುರ್ಚಿಯವನ ಪೆನ್ನು ಓಡುತ್ತಿತ್ತು, ಇವಳ ಪೆನ್ನು ಮೊದಲ ಸಾಲಿನಲ್ಲೇ ನಿಂತಿತು, ತಾಯಿಯ ಹೆಸರೆತ್ತಿದರೆ ಅಂಕ ಹೋಗುತ್ತದೆ, ಅಂಕ ಹೋದರೆ ಮಗಳು ಇಲ್ಲಿ, ತಾನು ಅಲ್ಲಿ — ಮಗಳ ಜೊತೆ ಇರಬೇಕಾದರೆ ತಾಯಿಯನ್ನು ಹೊರಗಿಡಬೇಕು, ಎಂಥ ತಮಾಷೆ — ಕಣ್ಣುಮುಚ್ಚಿ ಬರೆದಳು, ಮೊಟ್ಟೆಗಳು ಇಡಲ್ಪಡುತ್ತವೆ, ಮರಿಗಳು ಹೊರಬರುತ್ತವೆ, ನದಿಯ ಜೊತೆ ಸಾಗುತ್ತವೆ, ಬೆಳೆದು ಹಿಂದಿರುಗುತ್ತವೆ, ಎಲ್ಲವೂ ತಾನಾಗಿ, ಯಾರೂ ಜಡೆ ಹಾಕದೆ, ಯಾರೂ ಲೋಟ ಹಿಡಿದು ಹಿಂದೆ ಓಡದೆ. ಹೊರಗೆ ಬಂದು ನಲ್ಲಿಯ ಕೆಳಗೆ ಮುಖ ತೊಳೆದಾಗಲೂ ಏನೋ ಮರೆತು ಬಂದ ಹಾಗೇ ಇತ್ತು. ಇರಲಿ, ಮುಗಿಯಿತಲ್ಲ, ಏಳು ಬಂತಲ್ಲ, ಭುಜದಿಂದ ಮೂಟೆ ಇಳಿದಂತೆ ಹಗುರ, ಈ ಉಸಿರನ್ನು ಎಷ್ಟು ದಿನದಿಂದ ಹಿಡಿದಿಟ್ಟಿದ್ದಳೋ, ಬಿಟ್ಟಾಗ ಮಗಳ ಬೈತಲೆಯ ಸಣ್ಣ ಕೂದಲು ಹಾರಿದವು. ರಿಬ್ಬನ್ ಸುತ್ತು, ಗಂಟು, ಹೂವಿನ ಹಾಗೆ ಬಿಡಿಸು. ಇವತ್ತೇ ಹೇಳಬಹುದು, ಈಗಲೇ ಹೇಳಬಹುದು, ಹೇಗೆ ಶುರುಮಾಡಲಿ —

ಅಮ್ಮಾ.

ಏನು ಪುಟ್ಟಿ.

ಈ ಸಲ ಏನಿಲ್ಲ ಎಂಬುದು ಬರಲಿಲ್ಲ. ಎರಡು ಜಡೆಗಳ ನಡುವಿನ ಬಿಳಿ ಗೆರೆ ಅಲುಗದೆ ನಿಂತಿದೆ, ಮುಖ ಫ್ರಿಜ್ಜಿನ ಕಡೆಗೆ, ಕೆಳಗೆ ಎಡಮೂಲೆಗೆ, ಕಲ್ಲುಗಳು, ಮೊಟ್ಟೆಗಳು, ಸುತ್ತ ಯಾರೂ ಇಲ್ಲ, ಇವಳ ಕೈ ರಿಬ್ಬನ್ನಿನ ಮೇಲೇ ನಿಂತಿತು, ಮೊಟ್ಟೆಗಳು, ಸುತ್ತ ಯಾರೂ —

ಅಮ್ಮಾ, ಅವನ್ನೆಲ್ಲ ಅಲ್ಲೇ ಬಿಟ್ಟು ಅವುಗಳ ಅಮ್ಮ ಎಲ್ಲಿಗೆ ಹೋದಳು?