ತೊಂಬತ್ತೇಳನೇ ಪುಟದ ಪಂಪು

ದಂತವೈದ್ಯರು ರೋಗಿಯ ಬಾಯಿಗೆ ಹತ್ತಿ ತುರುಕಿದ ಮೇಲೆಯೇ ಕೇಳುತ್ತಿದ್ದರು: "ನನ್ನ ಕಾದಂಬರಿ ಓದಿದ್ರಾ? ಹೇಗಿತ್ತು?"

ರೋಗಿ ಡ್ರಿಲ್ ಹಿಡಿದ ಕೈಯನ್ನೇ ನೋಡುತ್ತ "ಆ... ಆ..." ಎನ್ನುತ್ತಿದ್ದ. ವೈದ್ಯರಿಗೆ ಅದು ಮೆಚ್ಚುಗೆಯಾಗಿ ಕೇಳಿಸುತ್ತಿತ್ತು.

ನಾಲ್ಕು ಪ್ರಕಾಶಕರು ಹಸ್ತಪ್ರತಿಯನ್ನು ವಾಪಸ್ ಕಳಿಸಿದ್ದರು. ಐದನೆಯವರು ವಾಪಸ್ ಕಳಿಸುವ ತೊಂದರೆಯನ್ನೂ ತೆಗೆದುಕೊಳ್ಳಲಿಲ್ಲ. ಆಗ ವೈದ್ಯರು ತಾವೇ ಪ್ರಕಾಶಕರಾದರು. ಬೆನ್ನುಪುಟದಲ್ಲಿ ಗಲ್ಲಕ್ಕೆ ಕೈಯಾನಿಸಿ ದೂರದಲ್ಲೇನನ್ನೋ ದಿಟ್ಟಿಸುವ ಫೋಟೊ. ಕೆಳಗೆ ತಮ್ಮ ಬಗ್ಗೆ ತಾವೇ ಬರೆದುಕೊಂಡ 'ಹೊಸ ಯುಗದ ಧ್ವನಿ'. ಮುನ್ನೂರು ಪ್ರತಿ ಬಂದ ದಿನ ಒಂದನ್ನು ಮೂಸಿದರು, ಫೋಟೊ ನೋಡಿದರು, ಮತ್ತೆ ಫೋಟೊ ನೋಡಿದರು. ಒಳಗೆ ನೋಡಲಿಲ್ಲ. ಬರೆದವರೇ ತಾವು, ನೋಡುವುದೇನು?

ಎರಡು ತಿಂಗಳಲ್ಲಿ ಇನ್ನೂರ ಎಂಬತ್ತು ಪ್ರತಿ ಹಂಚಿ ಮುಗಿಯಿತು. ಹಂಚಿದ್ದು ಎಂದರೆ ಹಂಚಿದ್ದೇ, ಯಾರೂ ಕೇಳಿರಲಿಲ್ಲ. ಹೆಂಡತಿ "ರೀ, ಓದ್ತಾ ಇದ್ದೀನಿ" ಎನ್ನುತ್ತಿದ್ದಳು. ಅವಳು ಗುರುತಿಗಿಟ್ಟ ಬಸ್ ಟಿಕೆಟ್ ಒಂಬತ್ತನೇ ಪುಟ ಬಿಟ್ಟು ಕದಲಿರಲಿಲ್ಲ. ಕಾಲೇಜಿನಲ್ಲಿ ಸಾಹಿತ್ಯ ಪಾಠ ಹೇಳುವ ಭಾವಮೈದುನ ಮಾತ್ರ ಬೆನ್ನು ತಟ್ಟಿದ್ದ: "ಭಾವ, ಕಾದಂಬರಿಯ ಜೀವ ಇರೋದೇ ನಡುಭಾಗದಲ್ಲಿ. ಅಲ್ಲಿ ನೀವು ಬೇರೇನೇ ಎತ್ತರಕ್ಕೆ ಹೋಗಿದ್ದೀರಿ."

ವೈದ್ಯರು ಆ ಮಾತನ್ನೇ ಒಂದು ವಾರ ಚಪ್ಪರಿಸಿದರು. ಆದರೂ ಒಳಗೊಂದು ಹುಳ ಕೊರೆಯುತ್ತಿತ್ತು. ನಿಜವಾಗಿ ಓದಿದವರು ಬೇಕಾಗಿತ್ತು. ಒಬ್ಬರೇ ಆದರೂ ಸಾಕಾಗಿತ್ತು.

ಒಂದು ಬೆಳಿಗ್ಗೆ ಪಂಪ್ ಮೆಕ್ಯಾನಿಕ್ ಒಬ್ಬ ಬಂದ. ಹಲ್ಲುನೋವಿಗಲ್ಲ. ಗ್ರೀಸ್ ಮೆತ್ತಿದ ಪುಸ್ತಕವೊಂದನ್ನು ಮೇಜಿನ ಮೇಲಿಟ್ಟ.

"ಡಾಕ್ಟ್ರೇ, ನಮ್ಮ ಪಂಪ್ ರಿಪೇರಿ ಪುಸ್ತಕದಲ್ಲಿ ನಿಮ್ಮ ಕಥೆ ಸೇರ್ಕೊಂಡಿದೆ. ನಮ್ಮ ಹದಿನಾರು ಪುಟ ನಿಮ್ಮದರಲ್ಲಿರಬೇಕು. ಪ್ರೆಸ್ಸಲ್ಲಿ ವಿಚಾರಿಸಿದೆ, ಎರಡೂ ಅಲ್ಲೇ ಒಂದೇ ವಾರ ಅಚ್ಚಾಗಿದ್ದು. ಬೈಂಡರ್ ಪುಟದ ನಂಬರ್ ಮಾತ್ರ ನೋಡಿದಾನೆ."

"ಸಾಧ್ಯವೇ ಇಲ್ಲ. ಇನ್ನೂರ ಎಂಬತ್ತು ಜನರ ಕೈಲಿ ಪುಸ್ತಕ ಇದೆ. ಒಬ್ಬರಾದ್ರೂ ಹೇಳ್ತಿರ್ಲಿಲ್ವಾ?"

"ತೆಗೆದು ನೋಡಿ."

ತೊಂಬತ್ತಾರನೇ ಪುಟದ ಕೊನೆಯಲ್ಲಿ ನಾಯಕಿ ರೈಲು ನಿಲ್ದಾಣದಲ್ಲಿ ಒಬ್ಬಳೇ ನಿಂತಿದ್ದಳು. ಅವಳ ಕಣ್ಣು ತುಂಬಿ ಬಂತು. ತೊಂಬತ್ತೇಳನೇ ಪುಟ ಹೀಗೆ ಶುರುವಾಗಿತ್ತು: 'ಮೊದಲು ನೀರನ್ನು ಪೂರ್ತಿಯಾಗಿ ಬಸಿಯಿರಿ. ನಂತರ ನಾಲ್ಕೂ ಬೋಲ್ಟುಗಳನ್ನು ಸಡಿಲಿಸಿ.' ಅಲ್ಲಿಂದ ನೂರ ಹನ್ನೆರಡರವರೆಗೆ ಬರೀ ಪಂಪು. ಭಾವಮೈದುನ ಕಂಡ ಎತ್ತರ ಇದೇ. ಚಿತ್ರಗಳೂ ಇದ್ದವು.

ವೈದ್ಯರು ಪುಸ್ತಕ ಮುಚ್ಚಿಟ್ಟರು. ಏನೋ ಹೊಳೆದು ತಲೆಯೆತ್ತಿದರು. "ಹಾಗಾದ್ರೆ... ನನ್ನ ಹದಿನಾರು ಪುಟ ನೀವು ಓದಿದ್ರಾ?"

"ಓದದೆ ಇರ್ತೀವಾ? ಊಟದ ಹೊತ್ತಲ್ಲಿ ಶೆಡ್ಡಿನ ಮೂರೂ ಜನ ಕೂತ್ವಿ. ಒಬ್ಬ ಗಟ್ಟಿಯಾಗಿ ಓದಿದ."

"ಹೇಗಿತ್ತು?" ಬಾಯಿ ಖಾಲಿ ಇರುವವನನ್ನು ಅವರು ಹೀಗೆ ಕೇಳಿದ್ದು ಇದೇ ಮೊದಲು.

"ಬೇಜಾರು ಮಾಡ್ಕೋಬೇಡಿ. ಆ ಹುಡುಗಿ ಹದಿನಾರು ಪುಟಾನೂ ಅಳ್ತಾಳೆ. ಕೈಲಿ ಟಿಕೆಟ್ ಇದೆ, ರೈಲು ಬಂದು ನಿಂತಿದೆ, ಹತ್ತೋಕೇನು ರೋಗ? ಎರಡೇ ನಿಮಿಷ ನಿಲ್ಲೋ ರೈಲು ಅಂತ ನೀವೇ ಬರೆದಿದ್ದೀರಿ. ಅವಳು ಹನ್ನೊಂದು ಪುಟ ಯೋಚನೆ ಮಾಡಿದ್ರೂ ಅದು ಅಲ್ಲೇ ಇದೆ. ಡ್ರೈವರ್ ಏನು ಮಲಗಿದ್ನಾ?"

"ಅದು ಅವಳ ಒಳಗಿನ ಸಮಯ ಕಣ್ರೀ."

"ಹೊರಗೆ ಹಸಿರು ಸಿಗ್ನಲ್ ಬಿದ್ದಿತ್ತಲ್ಲ ಸಾರ್."

ವೈದ್ಯರಿಗೆ ಮೈಯೆಲ್ಲ ಉರಿಯಿತು. ಆದರೆ ಈ ಆಸಾಮಿ ಸಿಗ್ನಲ್ಲನ್ನೂ ನೆನಪಿಟ್ಟಿದ್ದ. ಕೈಗೆ ಸಿಕ್ಕಷ್ಟರಲ್ಲಿ ತಮ್ಮ ಒಂದೊಂದು ಸಾಲನ್ನೂ ಗಮನಿಸಿದ ಮನುಷ್ಯ ಇವನೇ. ಬಿಟ್ಟರೆ ಇನ್ನೊಬ್ಬ ಸಿಗುವ ಲಕ್ಷಣ ಇರಲಿಲ್ಲ. ಕಾದಂಬರಿಯನ್ನು ಅವನ ಮುಂದಕ್ಕೆ ತಳ್ಳಿದರು.

"ಪೂರ್ತಿ ಓದಿ ನೋಡಿ. ಇಟ್ಕೊಳ್ಳಿ, ನಿಮಗೇ."

ಮೆಕ್ಯಾನಿಕ್ ಪುಸ್ತಕವನ್ನು ಹಿಂದೆ ಮುಂದೆ ತಿರುಗಿಸಿದ. "ಮುಂದೆ ರೈಲು ಹತ್ತುತ್ತಾಳಾ?"

ಸುಳ್ಳು ಹೇಳಬಹುದಿತ್ತು. ಮುನ್ನೂರ ನಾಲ್ಕು ಪುಟ ಸುಳ್ಳು ಬರೆದವರಿಗೆ ಇನ್ನೊಂದು ಭಾರವೇನಲ್ಲ. ಆದರೆ ಇವನು ಓದುವವನು. ಓದಿ ಕೇಳುವುದಕ್ಕೆ ವಾಪಸ್ ಬರುವವನು.

"ಇಲ್ಲ," ಎಂದರು.

"ಹಾಗಾದ್ರೆ ನಮ್ಮ ಹಾಳೆ ಅಷ್ಟೇ ಕಿತ್ಕೊಡಿ ಸಾರ್."